ತೋಟಗಾರನ ಎದೆಯಲ್ಲಿ ಕಲ್ಲಿನ ದೂಳು

ಗುರುಗಳು ಕಲ್ಲನ್ನು ಮುಟ್ಟುತ್ತಿರಲಿಲ್ಲ. ನೋಡುತ್ತಿದ್ದರು.

ನೋಡುವುದಕ್ಕೂ ಒಂದು ಹೊತ್ತಿತ್ತು. ಷೆಡ್ಡಿನ ಮಾಡಿಗೆ ಹಾಕಿದ್ದ ಗಾಜಿಗೆ ಬಿಸಿಲು ಬರಬೇಕು. ಎರಡು ಲೋಟ ಟೀ ಆಗಬೇಕು. ಆಮೇಲೆ ಬರಿಗಾಲಲ್ಲಿ ಬಂದು ಕಲ್ಲಿನ ಎದುರು ನಿಂತು ಕಣ್ಣು ಮುಚ್ಚುತ್ತಿದ್ದರು. ನೋಡೋಕೆ ಬಂದವರು ಕಣ್ಣು ಯಾಕೆ ಮುಚ್ಚುತ್ತಾರೆ ಎಂದು ಕುಲುಮೆಯವನು ಒಮ್ಮೆ ಕಲ್ಲು ಉಜ್ಜುವ ಅಕ್ಕನ ಕಿವಿಯಲ್ಲಿ ಕೇಳಿದ್ದ. ತೆರೆದರೆ ನಾವು ಕಾಣುತ್ತೇವಲ್ಲ, ಅದಕ್ಕೆ ಎಂದಿದ್ದಳು ಅಕ್ಕ.

ಕಣ್ಣು ತೆರೆದ ಮೇಲೆ ಒಂದು ಹಿಡಿ ಜೇಡಿಮಣ್ಣು ತರಿಸಿ ಮುಷ್ಟಿಯಲ್ಲಿ ಹಿಸುಕುತ್ತಿದ್ದರು. ಬೆರಳ ಸಂದಿನಿಂದ ಮಣ್ಣು ಹೊರಗೆ ಬಂದು ಶುಂಠಿ ಗಡ್ಡೆಯ ಹಾಗೆ ಆಗುತ್ತಿತ್ತು. ಅದನ್ನು ಹಲಗೆಯ ಮೇಲೆ ಇಟ್ಟು, ಇದು ಭಾವ, ಉಳಿದದ್ದು ಕೆಲಸ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಅಲ್ಲಿಗೆ ಅವರ ಪಾಲಿನದು ಮುಗಿಯಿತು.

ಉಳಿದದ್ದು ಎಂದರೆ ಎರಡು ಆಳೆತ್ತರದ ಕಲ್ಲು, ಆರು ಜನ, ಹನ್ನೊಂದು ತಿಂಗಳು.

ಆರು ಜನರಲ್ಲಿ ಕೆತ್ತುವವರು ನಾಲ್ವರು. ಉಳಿಯ ಮೊನೆ ಸವೆದ ಹಾಗೆಲ್ಲ ಕಾಸಿ ತಟ್ಟಿ ನೀರಿಗದ್ದಿ ಹದ ಹಾಕಿಕೊಡುವವನು ಕುಲುಮೆಯವನು. ಕೆತ್ತಿದ್ದನ್ನು ನೀರು ಹಾಕಿ ಸಾಣೆಕಲ್ಲಿನಿಂದ ಉಜ್ಜಿ ನುಣುಪು ಮಾಡುವವಳು ಅಕ್ಕ. ಮೂವತ್ತೊಂದು ವರ್ಷ ಉಜ್ಜಿ ಅವಳ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಎಲ್ಲಿ ಹೆಬ್ಬೆಟ್ಟು ಒತ್ತಿದರೂ ಕಾಗದದ ಮೇಲೆ ಬರೀ ಮಸಿ ಬೀಳುತ್ತಿತ್ತು. ಕಚೇರಿಯವರು ಬೈಯುತ್ತಿದ್ದರು. ಇವಳು ಕೈ ಒರೆಸಿಕೊಂಡು ಮತ್ತೆ ಒತ್ತುತ್ತಿದ್ದಳು. ಮತ್ತೆ ಮಸಿ.

ಕೆತ್ತುವ ನಾಲ್ವರಲ್ಲಿ ಹಿರಿಯ ಕೈ ಅಕ್ಕನ ತಮ್ಮನದು. ಮಣ್ಣಿನ ಗಡ್ಡೆಯನ್ನು ಅತ್ತಿತ್ತ ತಿರುಗಿಸಿ, ಇದು ಮೊಣಕಾಲು, ಇದು ಹೆಗಲು, ಇಲ್ಲಿ ಗುರುಗಳ ಬೆರಳು ಜಾರಿದೆ, ಇದನ್ನು ಬಿಡೋಣ ಎಂದು ಲೆಕ್ಕ ಹಾಕುತ್ತಿದ್ದವನು ಅವನೇ. ಒಮ್ಮೆ ಗಡ್ಡೆ ಜಾರಿ ನೀರಿನ ತೊಟ್ಟಿಗೆ ಬಿದ್ದು ಕರಗಿಹೋಯಿತು. ಕುಲುಮೆಯವನು ಇನ್ನೊಂದು ಹಿಡಿ ಮಣ್ಣು ಹಿಸುಕಿ ಅದೇ ಹಲಗೆಯ ಮೇಲೆ ಇಟ್ಟ. ಆ ಮೂರ್ತಿಗೆ ದೊಡ್ಡ ಬಹುಮಾನ ಬಂತು. ಗುರುಗಳ ಭಾವ ಇಷ್ಟು ಆಳಕ್ಕೆ ಹಿಂದೆಂದೂ ಇಳಿದಿರಲಿಲ್ಲ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಕುಲುಮೆಯವನೇ ಓದಿ ಹೇಳಿದ. ಒಂದು ತಿಂಗಳು ಅವನ ಕಾಲು ನೆಲದ ಮೇಲೆ ಇರಲಿಲ್ಲ.

ತಾನು ಸೇರಿದ ದಿನವೇ ತಮ್ಮನನ್ನೂ ಈ ಅಂಗಳಕ್ಕೆ ಕರೆತಂದವಳು ಅಕ್ಕನೇ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ. ಇವಳು ಸೊಂಟದ ಮೇಲೆ ಹೊತ್ತು ಜಲ್ಲಿ ಒಡೆಯಲು ಹೋಗುತ್ತಿದ್ದಳು. ಬೆಳೆದ ಮೇಲೆ ಕೈಗೆ ಉಳಿ ಕೊಟ್ಟು, ಜಲ್ಲಿ ಒಡೆದರೆ ಬರೀ ಜಲ್ಲಿ, ಇದು ಹಾಗಲ್ಲ, ಇದರಲ್ಲಿ ಮುಖ ಬರುತ್ತೆ, ಕಲಿ ಎಂದಳು. ಅವನು ಕಲಿತ. ಊರಿನ ಚೌಕಗಳಲ್ಲಿ ಅವನ ಕೈಯ ಮುಖಗಳು ಹತ್ತೊಂಬತ್ತು ಇದ್ದವು. ಕುದುರೆ ಮೇಲಿನವನು, ಪುಸ್ತಕ ಹಿಡಿದವನು, ಬೆರಳು ತೋರಿಸುವವನು. ಎಲ್ಲದರ ಕಾಲಡಿಯಲ್ಲೂ ಗುರುಗಳ ಹೆಸರು. ಆ ಹೆಸರನ್ನು ಕೆತ್ತುವವನೂ ತಮ್ಮನೇ. ಗುರುಗಳ ಸಹಿಯನ್ನು ಗುರುಗಳಿಗಿಂತ ಚೆನ್ನಾಗಿ ಹಾಕುತ್ತಿದ್ದ.

ಕೆಮ್ಮು ಶುರುವಾಗಿ ನಾಲ್ಕು ವರ್ಷ ಆಗಿತ್ತು. ಮೊದಲು ಬೆಳಗಿನ ಹೊತ್ತು ಮಾತ್ರ ಇತ್ತು. ಆಮೇಲೆ ಬೆಳಗಾಯಿತೋ ಬೈಗಾಯಿತೋ ಅದಕ್ಕೆ ಗೊತ್ತಾಗದಾಯಿತು. ಹತ್ತು ಏಟು ಹೊಡೆದರೆ ಒಂದು ಸಲ ನಿಂತು ಉಸಿರು ಹುಡುಕಬೇಕು. ದೊಡ್ಡಾಸ್ಪತ್ರೆಯ ಡಾಕ್ಟರು ಎದೆಯ ಫೋಟೊ ತೆಗೆಸಿ ಬೆಳಕಿಗೆ ಹಿಡಿದು, ಕಲ್ಲಿನ ದೂಳು ಎಂದರು. ಅಂಥವರಿಗೆ ಅಲ್ಲಿ ಬೇರೆಯದೇ ವಾರ್ಡು ಇತ್ತು. ಹಾಸಿಗೆ, ಔಷಧ, ಮೂಗಿಗೆ ಗಾಳಿಯ ಕೊಳವೆ, ಎಲ್ಲ ಧರ್ಮಕ್ಕೆ. ಒಂದೇ ಒಂದು ಕಾಗದ ಬೇಕು. ಇವನು ಇಂಥ ಕಡೆ ಇಷ್ಟು ವರ್ಷ ಕಲ್ಲು ಕೆತ್ತಿದ್ದಾನೆ ಎಂದು ಕೆಲಸ ಕೊಟ್ಟವರು ಬರೆದು ಸಹಿ ಹಾಕಬೇಕು.

ಇಷ್ಟೇನಾ ಎಂದುಕೊಂಡು ಅಕ್ಕ ಬಂದಳು. ಎರಡನೇ ಲೋಟ ಟೀ ಮುಗಿಯುವ ತನಕ ಕಾದು ಕೇಳಿದಳು.

ಗುರುಗಳು ಖಾಲಿ ಲೋಟ ಕೆಳಗಿಟ್ಟರು. ಆಮೇಲೆ ನೊಂದುಕೊಂಡವರ ಹಾಗೆ ಹೇಳಿದರು. "ಅಕ್ಕ, ನೀನು ಕಾಗದ ಕೇಳ್ತಿಲ್ಲ. ನನ್ನ ಕೈ ಕೇಳ್ತಿದೀಯ. ಇಲ್ಲಿ ಕೆತ್ತೋನು ಒಬ್ಬನೇ ಅಂತ ಲೋಕಕ್ಕೆ ಗೊತ್ತು. ಇನ್ನೊಬ್ಬ ಇದಾನೆ ಅಂತ ನಾನೇ ಸಹಿ ಹಾಕ್ಲಾ?"

"ನಿಮ್ಮ ಕೈ ನಿಮ್ಮ ಹತ್ರಾನೇ ಇರ್ಲಿ ಗುರುಗಳೇ. ಅದಕ್ಕೆ ಒಂದು ಗೀರೂ ಆಗಿಲ್ಲ. ನಾನು ಕೇಳ್ತಿರೋದು ಇವನ ಎದೆ ವಿಷಯ."

ಗುರುಗಳು ಒಳ್ಳೆಯ ಮನುಷ್ಯರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು. ಒಳಗೆ ಹೋಗಿ ದಪ್ಪ ಕಾಗದದ ಮೇಲೆ ಚೆಂದದ ಅಕ್ಷರದಲ್ಲಿ ಬರೆದು ತಂದುಕೊಟ್ಟರು. ಅಕ್ಕನಿಗೆ ಓದು ಬಾರದು. ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಯ ಕೌಂಟರಿಗೆ ಕೊಟ್ಟಾಗಲೇ ಅದರಲ್ಲಿ ಏನಿದೆ ಎಂದು ಗೊತ್ತಾದದ್ದು.

"ತೋಟಗಾರ ಅಂತ ಬರೆದಿದೆ," ಎಂದ ಕೌಂಟರಿನ ಗುಮಾಸ್ತ. "ತೋಟಗಾರನ ಎದೆಗೆ ಕಲ್ಲಿನ ದೂಳು ಎಲ್ಲಿಂದ ಬಂತಮ್ಮ? ಕಲ್ಲಿನ ಗಿಡ ಏನಾದ್ರೂ ಬೆಳೀತಾನಾ?"

ಹಿಂದೆ ನಿಂತ ಸಾಲು ನಕ್ಕಿತು. ತಮ್ಮ ತಲೆ ಬಗ್ಗಿಸಿ ತನ್ನ ಕೈ ನೋಡಿಕೊಂಡ. ಎಡಗೈ ಹೆಬ್ಬೆರಳು ಸುತ್ತಿಗೆಯ ಏಟು ತಿಂದು ತಿಂದು ಚಪ್ಪಟೆಯಾಗಿತ್ತು. ಉಗುರು ಇರಲಿಲ್ಲ. ಆ ಕೈ ನೋಡಿದರೆ ಸಾಕಿತ್ತು. ಗುಮಾಸ್ತನಿಗೆ ಕೈ ಓದಲು ಬರುತ್ತಿರಲಿಲ್ಲ, ಕಾಗದ ಓದಲು ಬರುತ್ತಿತ್ತು. ಬೇರೆ ಸಾಲಿಗೆ ಕಳಿಸಿದ. ಅಲ್ಲಿ ಒಂದು ಬಾಟಲಿ ಕೆಂಪು ಔಷಧ ಕೊಟ್ಟು ಕಳಿಸಿದರು.

ಅಂಗಳದಲ್ಲಿ ತೋಟ ಇರಲಿಲ್ಲ. ಒಂದು ಒಡಕು ಕುಂಡ ಇತ್ತು, ಅದರಲ್ಲಿ ಒಣಗಿದ ಕಡ್ಡಿ ಇತ್ತು. ಕುಲುಮೆಯವನು ಅಂದಿನಿಂದ ಅದಕ್ಕೆ ದಿನವೂ ನೀರು ಹಾಕತೊಡಗಿದ. ತೋಟಗಾರರಿಗೆ ಕೆಮ್ಮು, ಗಿಡ ನಾವಾದರೂ ನೋಡಿಕೊಳ್ಳಬೇಕಲ್ಲ ಎನ್ನುತ್ತಿದ್ದ.

ಅಕ್ಕ ಮತ್ತೆ ಕೇಳಿದಳು. ಗುರುಗಳು, ಈ ಮೂರ್ತಿ ಚೌಕದಲ್ಲಿ ಏಳಲಿ, ನನ್ನ ಮೇಲಿನ ಪುಸ್ತಕ ಹೊರಗೆ ಬರಲಿ, ಆಮೇಲೆ ನೋಡೋಣ ಎಂದರು. ಆಗ ಕೆತ್ತುತ್ತಿದ್ದ ಮೂರ್ತಿಗೆ ‘ಮೌನ’ ಎಂದು ಹೆಸರಿಟ್ಟಾಗಿತ್ತು. ಕಣ್ಣು ಮುಚ್ಚಿ ಕುಳಿತ ಹೆಂಗಸು. ನ್ಯಾಯಾಲಯದ ಮುಂದಿನ ಚೌಕಕ್ಕೆ. ನ್ಯಾಯಾಲಯದವರೇ ಆ ಹೆಸರನ್ನು ಒಪ್ಪಿದ್ದರಂತೆ.

ಪುಸ್ತಕ ಬರೆಯುವ ಹೆಂಗಸು ಬಂದದ್ದು ಮೂರ್ತಿಯ ಮುಖ ಮೂಡುತ್ತಿದ್ದ ಹೊತ್ತಿಗೆ. ಗುರುಗಳು ಹೇಗೆ ಏಳುತ್ತಾರೆ, ಹೇಗೆ ಕೂರುತ್ತಾರೆ, ಹೇಗೆ ಕೆತ್ತುತ್ತಾರೆ, ಎಲ್ಲವನ್ನೂ ಮೂರು ವಾರ ಜೊತೆಗಿದ್ದು ಬರೆಯುವವಳು. ಆರು ಜನ ಅವಳನ್ನು ಪುಸ್ತಕದಮ್ಮ ಎಂದರು. ಬರುವ ಹಿಂದಿನ ದಿನ ಗುರುಗಳು ಎಲ್ಲರನ್ನೂ ಕರೆದು, ಆಕೆ ಷೆಡ್ಡಿನಲ್ಲಿರುವಾಗ ನೀವು ಹಿಂದಿನ ತಗಡಿನ ಕೋಣೆಯಲ್ಲಿರಬೇಕು, ಸದ್ದು ಮಾಡಬಾರದು ಎಂದರು. ತಮ್ಮನ ಕಡೆ ತಿರುಗಿ, ಕೆಮ್ಮಬಾರದು ಎಂದರು. ಅಕ್ಕ ಮಾತ್ರ ಹೊರಗಿರಬಹುದು. ನೀರು ಸುರಿಯುವವರು ಒಬ್ಬರು ಬೇಕು, ಕಸಮುಸುರೆಯವಳು ಎಂದರಾಯಿತು.

ಹಾಗಾದರೆ ಕಲ್ಲು ಕೆತ್ತುವುದು ಯಾವಾಗ? ಅದಕ್ಕೂ ಗುರುಗಳು ದಾರಿ ಕಂಡುಕೊಂಡಿದ್ದರು. ದಿನವೂ ಪುಸ್ತಕದಮ್ಮನನ್ನು ಕರೆದುಕೊಂಡು ಅಡ್ಡಾಡಲು ಹೋಗುತ್ತಿದ್ದರು. ಗೇಟು ಹಾಕಿದ ಸದ್ದು ಕೇಳಿದ ಕೂಡಲೇ ನಾಲ್ವರೂ ಬಂದು ಕಲ್ಲಿಗೆ ಬೀಳುತ್ತಿದ್ದರು. ಗೇಟು ಮತ್ತೆ ಕಿರ್ರೆಂದರೆ ಚಕ್ಕೆ ಗುಡಿಸಿ ತಗಡಿನ ಹಿಂದೆ. ಮೊದಲ ದಿನ ಅರ್ಧ ತಾಸಿನ ಅಡ್ಡಾಟ. ಕಲ್ಲು ಅಷ್ಟಕ್ಕೆಲ್ಲ ಬಗ್ಗುವ ಜಾತಿಯಲ್ಲ. ಎರಡನೇ ದಿನ ಒಂದು ತಾಸು. ವಾರ ಕಳೆಯುವ ಹೊತ್ತಿಗೆ ಗುರುಗಳು ಅರ್ಧ ದಿನ ನಡೆಯಬೇಕಾಗಿತ್ತು. ಜೀವಮಾನದಲ್ಲಿ ಅಷ್ಟು ಬೆವರು ಸುರಿಸಿದವರಲ್ಲ. ಅಂಗಾಲಲ್ಲಿ ಬೊಬ್ಬೆ ಎದ್ದು ಕುಂಟುತ್ತಾ ಬರುತ್ತಿದ್ದರು. ನಮ್ಮ ಜೊತೆ ದುಡಿಯೋಕೆ ಶುರು ಮಾಡಿದರು ನೋಡಿ, ಮೂವತ್ತೊಂದು ವರ್ಷಕ್ಕಾದರೂ ಎಂದು ಕುಲುಮೆಯವನು ಪಿಸುಗುಟ್ಟಿದ. ತಗಡಿನ ಹಿಂದೆ ನಗಲೂ ಭಯ. ಬಟ್ಟೆ ಬಾಯಿಗೆ ತುರುಕಿಕೊಂಡು ನಕ್ಕರು.

ಪುಸ್ತಕದಮ್ಮ ಕೆಟ್ಟವಳಲ್ಲ. ಕಣ್ಣೂ ಚುರುಕಾಗಿತ್ತು. ಗುರುಗಳು ಅಡ್ಡಾಡಿ ಬಂದ ಹಾಗೆಲ್ಲ ಕಲ್ಲು ಒಂದಿಷ್ಟು ಕಡಿಮೆಯಾಗಿರುವುದನ್ನು ಅವಳು ಕಂಡುಹಿಡಿದಳು. ಕಂಡುಹಿಡಿದು ಬರೆದಳು. ಬರೆದದ್ದನ್ನು ಗುರುಗಳಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅವರು ನಡೆದಷ್ಟೂ ಕಲ್ಲು ಕರಗುತ್ತದೆ, ಅವರ ಉಳಿ ಅವರ ಹೆಜ್ಜೆಯಲ್ಲಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಅಕ್ಕ ಕಂಡಿದ್ದಳು. ಕರುವಿಗೆ ಹೆಸರಿಟ್ಟು ಬರೆದುಕೊಳ್ಳುವವರನ್ನು ಕಂಡದ್ದು ಇದೇ ಮೊದಲು.

ಒಂದು ದಿನ ಅಕ್ಕ ಮೂರ್ತಿಯ ಕಿವಿ ಉಜ್ಜುತ್ತಿದ್ದಾಗ ಆಕೆ ಹತ್ತಿರ ಬಂದು, ಒರೆಸುವ ಕೆಲಸವೇ ಎಂದು ಪ್ರೀತಿಯಿಂದಲೇ ಕೇಳಿದಳು.

"ಹೂನಮ್ಮ. ಒರೆಸ್ತೀನಿ. ಮೂರು ತಿಂಗಳ ಹಿಂದೆ ಇದು ಕುಂಬಳಕಾಯಿ ಗಾತ್ರ ಇತ್ತು. ಒರೆಸೀ ಒರೆಸೀ ಕಿವಿ ಆಯ್ತು."

ಪುಸ್ತಕದಮ್ಮ ನಕ್ಕಳು. ಕಸಮುಸುರೆಯವಳ ಬಾಯಲ್ಲೂ ಕವಿತೆ, ಗುರುಗಳ ನೆರಳಿನ ಪ್ರಭಾವ ಎಂದು ಬರೆದುಕೊಂಡಳು. ಆಮೇಲೆ ಒಂದು ಲೋಟ ನೀರು ಕೇಳಿದಳು. ಅಕ್ಕ ತಂದುಕೊಟ್ಟಳು.

ತಗಡಿನ ಕೋಣೆಯಲ್ಲಿ ತಮ್ಮ ಬಾಯಿಗೆ ಬಟ್ಟೆಯ ಉಂಡೆ ಇಟ್ಟುಕೊಂಡು ಕೂರುತ್ತಿದ್ದ. ಕೆಮ್ಮು ಬಂದರೆ ಮಂಡಿಯ ನಡುವೆ ತಲೆ ಇಟ್ಟುಕೊಳ್ಳುತ್ತಿದ್ದ. ಬೆನ್ನು ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು. ಪಕ್ಕದವನು ಬೆನ್ನಿನ ಮೇಲೆ ಅಂಗೈ ಇಟ್ಟು ಒತ್ತುತ್ತಿದ್ದ. ಕಣ್ಣುಗುಡ್ಡೆ ಹೊರಗೆ ಬಂದ ಹಾಗಾಗುತ್ತಿತ್ತು. ಸಂಜೆ ಅಕ್ಕ ಆ ಬಟ್ಟೆ ಒಗೆಯುವಾಗ ಹಲ್ಲಿನ ಗುರುತು ತೂತಾಗಿರುತ್ತಿತ್ತು.

ಎಷ್ಟು ಹಿಡಿದರೂ ಒಂದು ದಿನ ಕೈಮೀರಿತು. ತಗಡಿನ ಹಿಂದಿನಿಂದ ಕೆಮ್ಮು ಬಂತು. ಒಂದಲ್ಲ, ಐದಾರು. ತಗಡು ಗದಗುಟ್ಟಿತು. ಪುಸ್ತಕದಮ್ಮ ಪೆನ್ನು ಎತ್ತಿ, ಏನದು ಎಂದಳು.

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಕಲ್ಲು. ಹಳೇ ಕಲ್ಲುಗಳು ಹೀಗೇ ಉಸಿರಾಡ್ತವೆ. ಕೇಳೋ ಕಿವಿ ಬೇಕು ಅಷ್ಟೆ."

ಆಕೆ ಮೈ ಜುಮ್ಮೆಂದು ಅದನ್ನೂ ಬರೆದುಕೊಂಡಳು. ಅಕ್ಕನ ಕೈಯಲ್ಲಿದ್ದ ಸಾಣೆಕಲ್ಲು ನಿಂತಿತು. ಇಷ್ಟು ವರ್ಷ ಅವನನ್ನು ಇಲ್ಲ ಎಂದಿದ್ದರು. ಸಹಿಸಿಕೊಂಡಿದ್ದಳು. ತೋಟಗಾರ ಎಂದಿದ್ದರು. ಅದನ್ನೂ ನುಂಗಿದ್ದಳು. ಈಗ ಅವನ ಕೆಮ್ಮನ್ನೂ ಕಲ್ಲಿಗೆ ಕೊಟ್ಟರು. ಇನ್ನು ಅವನ ಹತ್ತಿರ ಉಳಿದದ್ದು ಏನು ಎಂದು ಅವಳಿಗೆ ಹೊಳೆಯಲಿಲ್ಲ.

ಕೊನೆಯ ದಿನ ಪುಸ್ತಕದಮ್ಮ ಕ್ಯಾಮರಾ ತಂದಳು. ಇಷ್ಟು ದಿನ ಗುರುಗಳು ಮನಸ್ಸಿನಲ್ಲಿ ಕೆತ್ತುವುದನ್ನು ನೋಡಿದ್ದಾಯಿತು, ಕೈಯಲ್ಲಿ ಕೆತ್ತುವುದರ ಒಂದು ಫೋಟೊ ಬೇಕು ಎಂದಳು. ಗುರುಗಳು ಬೆಳಕು ಸರಿಯಿಲ್ಲ ಎಂದರು. ಆಕೆ ದೀಪ ತಂದಿದ್ದಳು. ಉಳಿ ಹದವಾಗಿಲ್ಲ ಎಂದರು. ಕುಲುಮೆಯವನು ತಗಡಿನ ಸಂದಿಯಿಂದ ಅಕ್ಕನ ಕೈಗೆ ಹೊಸ ಮೊನೆಯ ಉಳಿ ದಾಟಿಸಿದ. ಅದು ಒತ್ತಾಸೆಯೋ ಕೀಟಲೆಯೋ, ಅವನು ಸಾಯುವ ತನಕ ಹೇಳಲಿಲ್ಲ.

ಮುಖ ಬಹುಪಾಲು ಮುಗಿದಿತ್ತು. ಮೂಗಿನ ತುದಿಯನ್ನು ಅಕ್ಕ ಆಗಲೇ ಉಜ್ಜಿದ್ದಳು. ಅಲ್ಲಿ ಇನ್ನು ಉಳಿಗೆ ಕೆಲಸವಿಲ್ಲ. ಇದ್ದರೂ ಉಳಿಯನ್ನು ಮಲಗಿಸಿ, ಕೂದಲು ಬಾಚಿದ ಹಾಗೆ ಮೇಲಿನಿಂದ ಎಳೆಯಬೇಕು. ಕಲ್ಲು ಮುಟ್ಟಿದವರಿಗೆ ಅದು ಗೊತ್ತು. ಗುರುಗಳು ಉಳಿಯನ್ನು ಗೋಡೆಗೆ ಮೊಳೆ ಹೊಡೆಯುವವರ ಹಾಗೆ ನೆಟ್ಟಗೆ ಹಿಡಿದರು. ಗದ್ದ ಎತ್ತಿದರು. ಕ್ಯಾಮರಾದ ಕಡೆ ಸ್ವಲ್ಪ ತಿರುಗಿದರು. ಹೊಡೆದರು.

ಮೂಗು ಹಾರಿ ಅಕ್ಕನ ನೀರಿನ ಬಕೆಟ್ಟಿಗೆ ಬುಳುಕ್ಕೆಂದು ಬಿತ್ತು.

ಆಗ ಷೆಡ್ಡಿನಲ್ಲಿ ಇದ್ದದ್ದು ನಿಜವಾದ ಮೌನ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುರುಗಳು, ಕಲ್ಲಿನಲ್ಲಿ ಏನೋ ಒಂದು ತಡೆ ಇತ್ತು ಎಂದರು. ಪುಸ್ತಕದಮ್ಮನನ್ನು ಒಳಮನೆಗೆ ಕಳಿಸಿ, ತಗಡಿನ ಕೋಣೆಗೆ ಬಂದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಬಾಗಿಲು ಗಿಡ್ಡ, ಬಗ್ಗಿ ಬರಬೇಕಾಯಿತು.

ಇನ್ನು ಹನ್ನೆರಡು ದಿನಕ್ಕೆ ಮೂರ್ತಿ ಚೌಕಕ್ಕೆ ಹೋಗಬೇಕು, ಏನು ಮಾಡೋಣ ಎಂದು ಕೇಳಿದರು. ಮುಖವನ್ನೇ ಎರಡು ಬೆರಳು ಹಿಂದಕ್ಕೆ ಇಳಿಸಬೇಕು, ಕೆನ್ನೆ, ತುಟಿ, ಕಣ್ಣು ಎಲ್ಲ ಹೊಸದಾಗಿ ತೆಗೆಯಬೇಕು, ಹತ್ತು ದಿನ ಸಾಕು ಎಂದ ತಮ್ಮ. ಹಾಗೆ ಹೇಳುವಾಗ ಮೂರು ಸಲ ಉಸಿರಿಗೆ ನಿಂತ. ಗುರುಗಳ ಮುಖ ಅರಳಿತು. ಶುರು ಮಾಡಿ ಎಂದರು.

ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಕಾಗದ ಎಂದಳು.

ಗುರುಗಳು ಏನೇನೋ ಹೇಳಿದರು. ತೋಟಗಾರ ಬೇಡ, ಸಹಾಯಕ ಅಂತ ಬರೆಯುತ್ತೇನೆ ಎಂದರು. ಪ್ರಧಾನ ಸಹಾಯಕ ಎಂದರು. ಬಲಗೈ ಬಂಟ ಅಂತ ಬೇಕಾದರೂ ಬರೆಯುತ್ತೇನೆ, ಕೆತ್ತುವವನು ಎನ್ನುವ ಆ ಒಂದು ಮಾತು ಬಿಟ್ಟು ಏನು ಬೇಕಾದರೂ ಕೇಳು ಎಂದರು. ಕಣ್ಣಲ್ಲಿ ನೀರೂ ಬಂತು.

"ಗುರುಗಳೇ," ಎಂದ ತಮ್ಮ. ಅವನು ಅವರ ಎದುರು ಬಾಯಿ ಬಿಟ್ಟವನಲ್ಲ. "ಉಳಿ ಹಿಡಿಯೋಕೆ ಬರಲ್ಲ ಅಂದ್ರೆ ಹೇಳ್ಕೊಡ್ತೀನಿ. ಅದಕ್ಕೆ ಕಾಗದ ಬೇಡ. ಆದರೆ ನಾನು ಕೆತ್ತಿದ್ದನ್ನ ನಾನು ಕೆತ್ತಿಲ್ಲ ಅನ್ನೋ ಕಡೆ ಇನ್ನೊಂದು ಏಟು ಹೊಡಿಯಲ್ಲ."

ಸುತ್ತಿಗೆ ನೆಲಕ್ಕಿಟ್ಟ. ಅದರ ಪಕ್ಕದಲ್ಲಿ ಉಳಿ ಇಟ್ಟ. ಉಳಿದ ಮೂವರೂ ಇಟ್ಟರು. ಕುಲುಮೆಯವನು ಹೊರಗೆ ಹೋಗಿ ಕೆಂಡಕ್ಕೆ ನೀರು ಸುರಿದು ಬಂದ. ಬುಸ್ಸೆಂದ ಸದ್ದು ಒಳಕ್ಕೆ ಕೇಳಿಸಿತು.

ಅಕ್ಕ ಗುರುಗಳ ಅಂಗೈ ಹಿಡಿದು ಬಿಡಿಸಿದಳು. ಬೆಣ್ಣೆಯ ಹಾಗಿತ್ತು. ಒದ್ದೆ ಮೂಗನ್ನು ಅದರಲ್ಲಿ ಇಟ್ಟಳು. "ತಗೊಳ್ಳಿ. ನಿಮ್ಮ ಕೈಯಿಂದ ಆಗಿರೋದು ಇದೊಂದೇ. ಜೋಪಾನವಾಗಿ ಇಟ್ಕೊಳ್ಳಿ."

ಆರೂ ಜನ ಮುಂದಿನ ಗೇಟಿನಿಂದಲೇ ಹೊರಗೆ ಹೋದರು.

ಮೂರ್ತಿ ಮೂಗಿಲ್ಲದೆಯೇ ಚೌಕಕ್ಕೆ ಹೋಯಿತು. ಮುಗಿಯಿತು ಗುರುಗಳ ಕಥೆ ಎಂದುಕೊಂಡಿದ್ದರು ಇವರು. ಅಷ್ಟೊಂದು ತಿಳಿವಳಿಕೆ ಇವರಿಗೆ ಇರಲಿಲ್ಲ. ಪುಸ್ತಕ ಬಂತು, ಪತ್ರಿಕೆ ಬಂತು. ಉಸಿರನ್ನೂ ಬಿಟ್ಟುಕೊಟ್ಟ ಮೌನ ಎಂದು ದೊಡ್ಡವರೆಲ್ಲ ಬರೆದರು. ಕೊನೆಯ ಒಂದೇ ಏಟಿನಲ್ಲಿ ಮೂಗು ತೆಗೆದ ಆ ಧೈರ್ಯ ನೂರು ವರ್ಷಕ್ಕೆ ಒಬ್ಬರಿಗೆ ಬರುತ್ತದಂತೆ. ಕುಲುಮೆಯವನು ಓದಿ ಹೇಳುವಾಗ ತಮ್ಮನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಅಷ್ಟರಲ್ಲಿ ಅವನಿಗೆ ಮೂರು ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ.

ಮರುದಿನ ಅಕ್ಕ ಒಂದು ಕೈಗಾಡಿ ತಂದಳು. ತಮ್ಮನನ್ನು ಕೂರಿಸಿದಳು. ಅವನ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಲ್ಲನ್ನೂ ಕೂರಿಸಿದಳು. ಕುಲುಮೆಯವನು ಎಲ್ಲಿಂದಲೋ ಒಂದು ಉಳಿ, ಒಂದು ಸುತ್ತಿಗೆ ತಂದ. ಉಳಿದವರು ದಬ್ಬಿದರು. ಆಸ್ಪತ್ರೆಯ ಕೌಂಟರು ಹೊರಗಿನ ಜಗಲಿಯಲ್ಲಿತ್ತು. ಅದರ ಎದುರಿಗೇ ಕಲ್ಲು ಇಳಿಸಿ, ಗೋಣಿ ಹಾಸಿ, ತಮ್ಮನನ್ನು ಕೂರಿಸಿದರು. ಅವನು ಉಳಿಯನ್ನು ಮಲಗಿಸಿ ಹಿಡಿದು ಹೊಡೆದ. ಟಣ್. ಇನ್ನೊಂದು. ಚಕ್ಕೆ ಹಾರಿ ಗುಮಾಸ್ತನ ಮೇಜಿನ ಮೇಲೆ ಬಿತ್ತು. ಬಿಸಿಲಲ್ಲಿ ದೂಳು ಬೆಳ್ಳಗೆ ಎದ್ದಿತು.

ಗುಮಾಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಇದು ಆಸ್ಪತ್ರೆಯೋ ಕಲ್ಲುಗಣಿಯೋ, ನಿಲ್ಲಿಸಿ ಎಂದ.

"ನಿಮಗೆ ಕಾಗದ ಬೇಕು ಅಂದ್ರಿ," ಎಂದಳು ಅಕ್ಕ. "ಬರೆಯೋರು ಬರೀಲಿಲ್ಲ. ಇವನ ಕೆಲಸ ಏನು ಅಂತ ನೀವೇ ನೋಡಿ ಸ್ವಾಮಿ."

ತಮ್ಮ ಮತ್ತೆ ಹೊಡೆದ. ಸಾಲಿನಲ್ಲಿದ್ದವರು ಹತ್ತಿರ ಬಂದರು. ಈ ಸಲ ಯಾರೂ ನಗಲಿಲ್ಲ.

"ಅಮ್ಮ, ನಿಲ್ಸೋಕೆ ಹೇಳಮ್ಮ. ಇಷ್ಟು ಜನ ಇದಾರೆ ಇಲ್ಲಿ. ಈ ದೂಳು ಎದೆಗೆ ಹೋದ್ರೆ ಏನಾಗುತ್ತೆ ಗೊತ್ತಾ ನಿನಗೆ?"

"ನಾನು ಓದಿದವಳಲ್ಲ. ಏನಾಗುತ್ತೆ ಹೇಳಿ."

"ಏನಾಗುತ್ತೆ? ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಆಮೇಲೆ ಏನು ಮಾಡಿದ್ರೂ ಹೊರಗೆ ಬರಲ್ಲ. ಎದೆ ಕಲ್ಲಾಗುತ್ತೆ. ಉಸಿರು ಸಿಗಲ್ಲ."

"ಅದನ್ನೇ ಬರೀರಿ," ಎಂದಳು ಅಕ್ಕ.

ಗುಮಾಸ್ತ ಅವಳನ್ನು ನೋಡಿದ. ಆಮೇಲೆ ಗೋಣಿಯ ಮೇಲೆ ಕುಳಿತವನ ಕೈ ನೋಡಿದ. ಉಗುರಿಲ್ಲದ ಹೆಬ್ಬೆರಳನ್ನು ನೋಡಿದ. ಮೇಜಿನ ಡ್ರಾ ಎಳೆದು ಒಂದು ನಮೂನೆ ಹೊರತೆಗೆದ. ಕೆಲಸ ಎನ್ನುವ ಕಡೆ ಏನೋ ಬರೆದ. ಕೆಲಸ ಕೊಟ್ಟವರ ಸಹಿ ಎನ್ನುವ ಕಡೆ ಪೆನ್ನು ಒಂದು ಗಳಿಗೆ ನಿಂತಿತು. ಅಲ್ಲಿ ಒಂದು ಗೆರೆ ಎಳೆದು, ಖುದ್ದು ನೋಡಿದ್ದೇನೆ ಎಂದು ಬರೆದು, ತನ್ನದೇ ಸಹಿ ಹಾಕಿದ.

"ಎಷ್ಟು ವರ್ಷ?"

"ಮೂವತ್ತೊಂದು," ಎಂದ ತಮ್ಮ. ಸುತ್ತಿಗೆ ಕೆಳಗಿಟ್ಟು, ತಡೆಹಿಡಿಯದೆ, ಬಾಯಿಗೆ ಏನೂ ಅಡ್ಡ ಇಟ್ಟುಕೊಳ್ಳದೆ, ಜಗಲಿಯೆಲ್ಲ ಕೇಳುವ ಹಾಗೆ ಕೆಮ್ಮಿದ.

ಅಕ್ಕ ಗೋಣಿಯ ಮೇಲಿಂದ ಅವನನ್ನು ಎಬ್ಬಿಸಿದಳು. ಅವನು ಎದ್ದ ಜಾಗದಲ್ಲಿ ಕೆತ್ತುವವರಲ್ಲಿ ಎರಡನೆಯವನು ಕುಳಿತು, ಒಮ್ಮೆ ಕೆಮ್ಮಿ, ಉಳಿ ಎತ್ತಿಕೊಂಡ. ಅವನ ಹಿಂದೆ ಇನ್ನಿಬ್ಬರು ಇದ್ದರು.